ಗಾಜಿನ ಕೊಳದಲ್ಲಿ ಮತ್ಸ್ಯನ್ಯಾಯ

ನಾಡಿನ ಅರಾಜಕತೆಯನ್ನು ಒಂದೇ ಮಾತಿನಲ್ಲಿ ಹೇಳಬೇಕಾದಾಗ ನಮ್ಮ ಹಿಂದಿನ ರಾಜನೀತಿಕಾರರಿಗೆ ನೆನಪಾದದ್ದು ಮೀನು. ದೊಡ್ಡದು ಸಣ್ಣದನ್ನು ನುಂಗುವುದು ಮತ್ಸ್ಯನ್ಯಾಯ. ದಂಡಧರನಿಲ್ಲದ ನಾಡಿನ ಸ್ಥಿತಿಯೂ ಅದೇ ಎಂಬುದು ಕೌಟಿಲ್ಯನ ಅರ್ಥಶಾಸ್ತ್ರದ ಅಭಿಪ್ರಾಯ. ಎಂಟನೆಯ ಶತಮಾನದ ಬಂಗಾಳದಲ್ಲಿ ಈ ಮತ್ಸ್ಯನ್ಯಾಯವನ್ನು ನೀಗಲೆಂದೇ ಗೋಪಾಲನನ್ನು ಅರಸನನ್ನಾಗಿ ಆರಿಸಲಾಯಿತೆಂದು ಅವನ ಮಗ ಧರ್ಮಪಾಲನ ಖಾಲಿಂಪುರ ತಾಮ್ರಶಾಸನ ತಿಳಿಸುತ್ತದೆ. ಇಷ್ಟು ದೊಡ್ಡ ಮಾತನ್ನು ಮನೆಯ ಪಡಸಾಲೆಯಲ್ಲಿರುವ ಎರಡಡಿ ಉದ್ದದ ಗಾಜಿನ ತೊಟ್ಟಿಗೆ ಅನ್ವಯಿಸುವುದು ವಿನೋದವೆನಿಸಬಹುದು. ಆದರೆ ಆ ತೊಟ್ಟಿಯ ಇತಿಹಾಸವನ್ನು ನೋಡಿದರೆ ಅದೂ ಮತ್ಸ್ಯನ್ಯಾಯವನ್ನು ಮೀರುವ ಪ್ರಯತ್ನದ ಇತಿಹಾಸವೇ ಆಗಿದೆ.

ಘಟಪ್ರಭೆಯ ದಡದ ಮಸಗುಪ್ಪಿಯ ಗೆಳೆಯರೊಬ್ಬರು ಈಚೆಗೆ ಮಕ್ಕಳಿಗಾಗಿ ಅಂಥದೊಂದು ತೊಟ್ಟಿ ಕೊಂಡರು. ‘ಸರ, ಯಾವ ಮೀನಿನ ಜೋಡಿ ಯಾವ ಮೀನು ಬಿಡಬೇಕ್ರಿ?’ ಎಂದು ಅವರು ಕೇಳಿದಾಗ ನನಗೆ ನೆನಪಾದದ್ದು ಅವರ ಊರಿನ ಹೊಳೆ. ಹೊಳೆ ತುಂಬಿ ಹರಿಯುವಾಗ ಜೊಂಡು, ಬೇರು, ಕಲ್ಲುಸಂದಿಗಳಲ್ಲಿ ಸಣ್ಣ ಮೀನಿಗೆ ಆಸರೆಯುಂಟು. ಬೇಸಗೆಯಲ್ಲಿ ಹರಿವು ಸೊರಗಿ ನೀರು ಮಡುವಿನಲ್ಲಿ ನಿಂತಾಗ, ಬಾಳೆಮೀನು, ಕೊರವಗಳ ಜತೆ ಸಿಕ್ಕಿಬಿದ್ದ ಮರಿಗಳಿಗೆ ಓಡಲು ದಾರಿಯಿಲ್ಲ. ಗಾಜಿನ ತೊಟ್ಟಿಯೆಂದರೆ ವರ್ಷವಿಡೀ ಬೇಸಗೆಯಲ್ಲೇ ಇರುವ ಮಡು.

ಮೀನು ಮೀನಿಗೂ ಸ್ವಭಾವ ಬೇರೆ ಎಂಬುದನ್ನು ಕನ್ನಡ ನಾಡಿನ ಅರಸನೊಬ್ಬ ಒಂಬತ್ತು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಅವನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ (1126–1138). ಗೋಕಾಕದ ಸೀಮೆಯೂ ಆಗ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳನ್ನು ಸಮುದ್ರದವು, ಹೊಳೆಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ವಿಂಗಡಿಸಿದ್ದಾನೆ. ಯಾವ ಜಾತಿಗೆ ಎಳ್ಳಿನ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂಬುದನ್ನೂ ಹೇಳಿದ್ದಾನೆ. ಅವನ ಉದ್ದೇಶ ಗಾಳ ಹಾಕುವುದೇ ಹೊರತು ಸಾಕುವುದಲ್ಲ, ನಿಜ. ಆದರೂ ಮೀನನ್ನು ಬಣ್ಣದಿಂದಲ್ಲ, ನೀರಿನಿಂದಲೂ ಆಹಾರದಿಂದಲೂ ಗುರುತಿಸಬೇಕೆಂಬ ಆ ದೃಷ್ಟಿ ಇಂದಿನ ಅಂಗಡಿಯಲ್ಲೂ ನಮಗೆ ಬೇಕಾದದ್ದೇ.

ಗಾಜಿನಲ್ಲಿ ಹಲವು ಜೀವಗಳನ್ನು ಕೂಡಿಸಿ ಬಾಳಿಸುವ ವಿದ್ಯೆ ಬಹಳ ಈಚಿನದು. ಚೀನದವರು ಹೊಂಬಣ್ಣದ ಮೀನನ್ನು ಸಾವಿರ ವರ್ಷಗಳಿಂದ ಸಾಕಿದ್ದರೂ ಅವರ ಕೊಳದಲ್ಲಿ ಅದು ಬಹುಮಟ್ಟಿಗೆ ಒಂದೇ ಕುಲದ ರಾಜ್ಯ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಒಂದೇ ಪಾತ್ರೆಯಲ್ಲಿಟ್ಟನು. ಕೊಳೆತ ಎಲೆಗಳಿಂದ ನೀರು ಕದಡಿತು. ಕೆಲವು ಕೆರೆಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಪ್ರಕಟವಾದ ಈ ಪ್ರಯೋಗದಿಂದಲೇ ಮನೆಯ ತೊಟ್ಟಿಯ ಕಥೆ ಮೊದಲಾಯಿತೆನ್ನಬಹುದು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು, 1909ರಲ್ಲಿ ಮದರಾಸಿನಲ್ಲಿ, 1951ರಲ್ಲಿ ಮುಂಬಯಿಯಲ್ಲಿ ತಾರಾಪೊರವಾಲಾ ಮತ್ಸ್ಯಾಲಯ. ಬೆಳಗಾವಿ ಜಿಲ್ಲೆಗೆ ಆಗ ಮುಂಬಯಿಯೇ ರಾಜಧಾನಿ.

ಇಂದಿನ ಅಂಗಡಿಗಳಲ್ಲಿ ಕಾಣುವ ಪಟ್ಟೆಪಟ್ಟೆಯ ಜೀಬ್ರಾ ಡೇನಿಯೊ ನಮ್ಮ ದೇಶದ್ದೇ. ಅದನ್ನು ಶಾಸ್ತ್ರಕ್ಕೆ ಪರಿಚಯಿಸಿದವನೂ ಕನ್ನಡಿಗರಿಗೆ ಅಪರಿಚಿತನಲ್ಲ. ಟಿಪ್ಪುವಿನ ಪತನದ ಬೆನ್ನಲ್ಲೇ, 1800–01ರಲ್ಲಿ ಮೈಸೂರು ಸೀಮೆಯನ್ನು ಊರೂರು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ನನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಾಳಿ, ಗಂಗೆಯ ಮೀನುಗಳನ್ನು ಕುರಿತ 1822ರ ಗ್ರಂಥದಲ್ಲಿ ಇದನ್ನು ವರ್ಣಿಸಿದನು.

ಇನ್ನು ಗೆಳೆಯರ ಪ್ರಶ್ನೆ. ಮೊದಲು ನೋಡಬೇಕಾದದ್ದು ಬಾಯಿ: ಒಂದರ ಬಾಯಿಗೆ ಹಿಡಿಯುವಷ್ಟು ಚಿಕ್ಕದಾದ ಮೀನು ಇಂದಲ್ಲ ನಾಳೆ ಅದರ ಹೊಟ್ಟೆ ಸೇರುತ್ತದೆ. ಏಂಜೆಲ್ ಮೀನು ಬೆಳೆದ ಮೇಲೆ ಪುಟ್ಟ ನಿಯಾನ್ ಟೆಟ್ರಾಗಳನ್ನು ನುಂಗುವುದು ಹೀಗೆಯೇ. ಎರಡನೆಯದು ನೀರು: ಹೊಂಬಣ್ಣದ ಮೀನಿಗೆ ತಂಪು ನೀರೂ ಹೆಚ್ಚಿನ ಜಾಗವೂ ಬೇಕು, ಟೆಟ್ರಾಗಳಿಗೆ ಬೆಚ್ಚನೆಯ ಮೆದು ನೀರು, ಗಪ್ಪಿಗೆ ಸ್ವಲ್ಪ ಗಡಸು ನೀರು. ಮೂರನೆಯದು ಗುಣ: ಟೈಗರ್ ಬಾರ್ಬು ಗಪ್ಪಿಯ ಬಾಲವನ್ನು ಕಚ್ಚುತ್ತದೆ, ಎರಡು ಗಂಡು ಫೈಟರುಗಳನ್ನು ಒಂದೆಡೆ ಬಿಡುವುದು ಕಾಳಗಕ್ಕೆ ಕರೆದಂತೆ. ಎರಡಡಿಯ ತೊಟ್ಟಿಗೆ ಏಳೆಂಟು ಡೇನಿಯೊ, ತಳದಲ್ಲಿ ಐದಾರು ಕೋರಿಡೋರಾಸ್, ನಾಲ್ಕು ಗಿಡ ಧಾರಾಳವಾಗಿ ಸಾಕು. ಎಲ್ಲವನ್ನೂ ಒಂದೇ ದಿನ ಬಿಡಲಾಗದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ ವಿಷವನ್ನು ಕರಗಿಸುವ ಸೂಕ್ಷ್ಮಜೀವಿಗಳು ನೆಲೆಯೂರಲು ಕೆಲವು ವಾರಗಳೇ ಬೇಕು.

ಇಲ್ಲಿಗೇ ಮುಗಿದಿದ್ದರೆ ಇದು ಕೇವಲ ಮನೆಯ ಮಾತಾಗುತ್ತಿತ್ತು. ಗಪ್ಪಿಗೆ ಆ ಹೆಸರು ಬಂದದ್ದು ಟ್ರಿನಿಡಾಡಿನ ಗಪ್ಪಿ ಎಂಬವರಿಂದ, 1866ರಲ್ಲಿ. ಮಸಗುಪ್ಪಿಗೂ ಅದಕ್ಕೂ ನಂಟಿಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಅದನ್ನು ನಮ್ಮ ಹಳ್ಳಿಗಳ ಬಾವಿಗಳಲ್ಲೂ ಬಿಟ್ಟಿದ್ದುಂಟು, ಉಪಕಾರವೂ ಆಗಿದೆ. ಆದರೆ ಎಲ್ಲ ಪರದೇಶಿ ಮೀನುಗಳ ಕಥೆಯೂ ಹೀಗಲ್ಲ. ಆಹಾರಕ್ಕೆಂದು 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಕೆರೆಗಳಲ್ಲಿ ಹೆಚ್ಚಿ ನಾಡಿನ ಮೀನುಗಳ ನೆಲೆಯನ್ನು ಕಸಿಯಿತು. ತೊಟ್ಟಿಯ ಗಾಜಿನ ಪಾಚಿ ನೆಕ್ಕಲೆಂದು ಮಾರುವ ದಕ್ಷಿಣ ಅಮೆರಿಕದ ‘ಸಕ್ಕರ್’ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ; ಆಗ ಬೇಸತ್ತವರು ಅದನ್ನು ಕೆರೆಗೆ ಚೆಲ್ಲುತ್ತಾರೆ. ಇಂದು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಬೆಸ್ತರ ಬಲೆಯನ್ನು ಹರಿಯುತ್ತಿದೆ.

ತೊಟ್ಟಿಯಲ್ಲಿ ತಪ್ಪಾದರೆ ಸಾಯುವುದು ನಾಲ್ಕು ಮೀನು. ಹೊಳೆಯಲ್ಲಿ ತಪ್ಪಾದರೆ ಹೊಳೆಯೇ ಬೇರೆಯಾಗುತ್ತದೆ. ಆದುದರಿಂದ ಕೊಳ್ಳುವ ಮೊದಲೇ ಆ ಮೀನು ಎಷ್ಟು ಬೆಳೆಯುತ್ತದೆಂದು ಅಂಗಡಿಯವರನ್ನು ಕೇಳಿ. ಸಾಕಲಾಗದಿದ್ದರೆ ಅಂಗಡಿಗೆ ಹಿಂದಕ್ಕೆ ಕೊಡಿ, ಸಾಕುವ ನೆರೆಯವರಿಗೆ ಕೊಡಿ. ಘಟಪ್ರಭೆಗೆ ಮಾತ್ರ ಬಿಡಬೇಡಿ.