ಎಲ್ಮ್ ಮರದಡಿಯಲ್ಲಿ ಹುಟ್ಟಿದ ಮಠ



ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಶೈರ್ ಎಂಬ ವಿಶಾಲವಾದ ಸೀಮೆಯಿದೆ. ಅಲ್ಲಿನ ರಿಪ್ಪನ್ ಎಂಬ ಪುಟ್ಟ ನಗರದಿಂದ ನೈರುತ್ಯಕ್ಕೆ ಸುಮಾರು ಐದು ಕಿಲೋಮೀಟರು ಸಾಗಿದರೆ ಸ್ಕೆಲ್ ಎಂಬ ಕಿರುನದಿಯ ಕಣಿವೆ ಎದುರಾಗುತ್ತದೆ. ರಜಾದಿನಗಳಲ್ಲಿ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತವೆ. ಮಕ್ಕಳು ಹುಲ್ಲುಹಾಸಿನ ಮೇಲೆ ಓಡಾಡುತ್ತಾರೆ, ಪಕ್ಕದ ವನದಲ್ಲಿ ಜಿಂಕೆಗಳನ್ನು ನೋಡಿ ನಲಿಯುತ್ತಾರೆ. ಅವರ ನಡುವೆ ಚಾವಣಿಯಿಲ್ಲದ ಮಹಾದೇವಾಲಯವೊಂದು ಮುಗಿಲಿಗೆ ಮುಖವೆತ್ತಿ ನಿಂತಿದೆ. ಇದೇ ಫೌಂಟನ್ಸ್ ಮಠ. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನೂ ಇದಕ್ಕೆ ಹೊಂದಿಕೊಂಡಿರುವ ಸ್ಟಡ್ಲಿ ರಾಯಲ್ ಉದ್ಯಾನವನ್ನೂ ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಇಂಥ ಸ್ಥಳವನ್ನು ಕಂಡವರಿಗೆ ಸಹಜವಾಗಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಇಷ್ಟು ದೊಡ್ಡದನ್ನು ಕಟ್ಟಿದವರು ಯಾರು? ಕೆಡವಿದವರು ಯಾರು? ಇವೆರಡಕ್ಕೂ ಚರಿತ್ರೆಯಲ್ಲಿ ಉತ್ತರ ಸುಲಭವಾಗಿ ದೊರೆಯುತ್ತದೆ. ಆದರೆ ಕಟ್ಟಿದ ದಿನಕ್ಕೂ ಕೆಡವಿದ ದಿನಕ್ಕೂ ನಡುವೆ ಸಂದುಹೋದ ನಾಲ್ಕು ಶತಮಾನಗಳಲ್ಲಿ ಈ ಮಠಕ್ಕೆ ಏನಾಯಿತು ಎಂಬುದು ಮೂರನೆಯ ಪ್ರಶ್ನೆ. ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡಬೇಕಾದದ್ದು ಅದೇ.

1132ರಲ್ಲಿ ಯಾರ್ಕ್ ನಗರದ ಸಂತ ಮೇರಿಯವರ ಮಠ ಅನುಕೂಲವಂತ ಮಠವಾಗಿತ್ತು. ಅಲ್ಲಿನ ಕೆಲವು ಸನ್ಯಾಸಿಗಳಿಗೆ ಆ ಅನುಕೂಲವೇ ಮುಳ್ಳಾಯಿತು. ಸಂತ ಬೆನೆಡಿಕ್ಟರ ನಿಯಮವು ಹೇಳುವ ಸರಳತೆ, ಮೌನ, ಕೈಯಾರೆ ದುಡಿಮೆ ಇವುಗಳಿಗೆ ಮರಳಬೇಕೆಂದು ಅವರು ಬೇಡಿಕೊಂಡರು. ಮಠಾಧಿಪತಿ ಒಪ್ಪಲಿಲ್ಲ. ವಿಚಾರಣೆಗೆ ಬಂದ ಮಹಾಧರ್ಮಾಧ್ಯಕ್ಷ ಥರ್ಸ್ಟನರ ಕಣ್ಣೆದುರಿಗೇ ಗದ್ದಲವೆದ್ದಿತು. ಕೊನೆಗೆ ಹದಿಮೂರು ಮಂದಿ ಸನ್ಯಾಸಿಗಳನ್ನು ಅವರು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಆ ವರ್ಷದ ಕ್ರಿಸ್ತ ಜಯಂತಿ ಕಳೆದೊಡನೆಯೇ, ಡಿಸೆಂಬರ್ 27ರಂದು, ಸ್ಕೆಲ್ ಕಣಿವೆಯ ಭೂಮಿಯನ್ನು ಅವರಿಗೆ ನೀಡಿದರು. ಅದು ಬಂಡೆಗಳೂ ಮುಳ್ಳುಪೊದೆಗಳೂ ತುಂಬಿದ್ದ ನಿರ್ಜನ ಪ್ರದೇಶ. ಉತ್ತರ ಇಂಗ್ಲೆಂಡಿನ ನಡುಚಳಿಗಾಲದಲ್ಲಿ ಆ ಹದಿಮೂರು ಮಂದಿಗೆ ದೊರೆತ ಮೊದಲ ಮಠವೆಂದರೆ ಒಂದು ದೊಡ್ಡ ಎಲ್ಮ್ ಮರದ ನೆರಳು.

ಮುಂದಿನ ದಿನಗಳು ಇನ್ನೂ ಕಠಿಣವಾಗಿದ್ದವು. ಅವರು ಫ್ರಾನ್ಸಿನ ಕ್ಲೆರ್ವೊ ಮಠದ ಸಂತ ಬರ್ನಾರ್ಡರಿಗೆ ಪತ್ರ ಬರೆದು ಸಿಸ್ಟರ್ಸಿಯನ್ ಸಂಘವನ್ನು ಸೇರಲು ಬಯಸಿದರು. ಸಂಘದ ಪದ್ಧತಿಗಳನ್ನು ಕಲಿಸಲು ಬರ್ನಾರ್ಡರು ಒಬ್ಬ ಹಿರಿಯ ಸನ್ಯಾಸಿಯನ್ನು ಕಳುಹಿಸಿಕೊಟ್ಟರು. ಅಷ್ಟರಲ್ಲಿ ಕ್ಷಾಮ ತಲೆದೋರಿತು. ಸೊಪ್ಪುಸದೆಗಳನ್ನೂ ಎಲ್ಮ್ ಮರದ ಎಲೆಗಳನ್ನೂ ಬೇಯಿಸಿ ತಿಂದು ಅವರು ಜೀವ ಹಿಡಿದರು. ಮಠದ ಸ್ಥಾಪನೆಯ ವೃತ್ತಾಂತವು ಆ ದಿನಗಳ ಒಂದು ಘಟನೆಯನ್ನು ಕಾಪಾಡಿಕೊಂಡು ಬಂದಿದೆ. ಉಗ್ರಾಣದಲ್ಲಿ ಕೆಲವೇ ರೊಟ್ಟಿಗಳು ಉಳಿದಿದ್ದಾಗ ಬಾಗಿಲಿಗೆ ಒಬ್ಬ ಬಡವ ಬಂದನಂತೆ. ಇದ್ದುದರಲ್ಲಿಯೇ ಅವನಿಗೊಂದು ಪಾಲು ಕೊಡುವಂತೆ ಮೊದಲ ಮಠಾಧಿಪತಿ ರಿಚರ್ಡರು ಹೇಳಿದರಂತೆ. ಸ್ವಲ್ಪ ಹೊತ್ತಿನಲ್ಲಿಯೇ ನೇರ್ಸ್‌ಬರೊ ಕೋಟೆಯಿಂದ ರೊಟ್ಟಿ ತುಂಬಿದ ಬಂಡಿಯೊಂದು ಬಂದು ನಿಂತಿತಂತೆ.

ಬಂಡಿ ಬಂದ ಮಾತನ್ನು ಪವಾಡವೆಂದು ಓದುವವರುಂಟು, ಕಾಕತಾಳೀಯವೆಂದು ಓದುವವರೂ ಉಂಟು. ಆದರೆ ರೊಟ್ಟಿ ಕೊಟ್ಟ ಕೈಗೆ ಬಂಡಿ ಬರುವುದೆಂಬ ಭರವಸೆಯೇನೂ ಇರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

1135ರ ಹೊತ್ತಿಗೆ ಆ ಚಿಕ್ಕ ಗುಂಪು ಸೋತು ಕಣಿವೆಯನ್ನು ಬಿಟ್ಟು ಹೋಗುವ ಸ್ಥಿತಿಗೆ ಬಂದಿತ್ತು. ಆಗ ಯಾರ್ಕ್ ಪ್ರಧಾನ ದೇವಾಲಯದ ಡೀನ್ ಹ್ಯೂ ಎಂಬವರು ತಮ್ಮ ಸಂಪತ್ತು ಮತ್ತು ಗ್ರಂಥಗಳೊಡನೆ ಬಂದು ಮಠವನ್ನು ಸೇರಿದರು. ಅಲ್ಲಿಂದ ಮುಂದೆ ದಾನಗಳು ಒಂದರ ಹಿಂದೊಂದು ಹರಿದುಬಂದವು. ಕೆಲವೇ ವರ್ಷಗಳಲ್ಲಿ ಈ ಮಠ ತನ್ನ ಮಕ್ಕಳಂತಿದ್ದ ಬೇರೆ ಮಠಗಳನ್ನು ಸ್ಥಾಪಿಸತೊಡಗಿತು. 1147ರಲ್ಲಿ ಇಲ್ಲಿಂದ ಹೊರಟವರು ಕಟ್ಟಿದ ಕರ್ಕ್‌ಸ್ಟಾಲ್ ಮಠದ ಅವಶೇಷಗಳನ್ನು ಇಂದಿಗೂ ಲೀಡ್ಸ್ ನಗರದಲ್ಲಿ ನೋಡಬಹುದು. ಸಮುದ್ರದಾಚೆಯ ನಾರ್ವೆ ದೇಶಕ್ಕೂ ಇಲ್ಲಿನ ಸನ್ಯಾಸಿಗಳು ಹೋದರು.

ಈ ಏಳಿಗೆಯ ಮೂಲ ಕುರಿಯ ಉಣ್ಣೆ. ಸಿಸ್ಟರ್ಸಿಯನ್ನರು ಬಣ್ಣ ಹಾಕದ ಉಣ್ಣೆಯ ಬಟ್ಟೆ ತೊಡುತ್ತಿದ್ದುದರಿಂದಲೇ ಅವರಿಗೆ ಬಿಳಿ ಸನ್ಯಾಸಿಗಳೆಂಬ ಹೆಸರು ಬಂದಿತು. ಬಡತನದ ಗುರುತಾಗಿದ್ದ ಅದೇ ಉಣ್ಣೆ ಅವರನ್ನು ಶ್ರೀಮಂತರನ್ನಾಗಿಸಿತು. ಯಾರ್ಕ್‌ಶೈರಿನ ಬೆಟ್ಟಗಳಲ್ಲಿ ಮಠದ ಮಂದೆಗಳು ಮೇಯುತ್ತಿದ್ದವು. ಅಲ್ಲಿನ ಒಂದು ಬೆಟ್ಟಕ್ಕೆ ಇಂದಿಗೂ ಫೌಂಟನ್ಸ್ ಫೆಲ್ ಎಂಬ ಹೆಸರಿದೆ. ಇಟಲಿಯ ವರ್ತಕರು ಮಠದ ಉಣ್ಣೆಯನ್ನು ಕೊಳ್ಳುತ್ತಿದ್ದರು. ದುಡಿಮೆಯ ಭಾರವನ್ನು ಹೊತ್ತವರು ಶ್ರಮಿಕ ಸಹೋದರರು. ಅವರು ವ್ರತ ತೊಟ್ಟವರಾದರೂ ಓದು ಬಾರದವರು. ಗಾಯನವೃಂದದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಮಠದ ಹೊಲಗದ್ದೆಗಳ ವಿಸ್ತರಣೆಗಾಗಿ ಕೆಲವೆಡೆ ಹಳ್ಳಿಗರನ್ನು ಒಕ್ಕಲೆಬ್ಬಿಸಿದ್ದೂ ಉಂಟು. ಮುಂದಿನ ವರ್ಷಗಳ ಉಣ್ಣೆಯನ್ನು ಮೊದಲೇ ಮಾರಿಕೊಂಡು, 13ನೆಯ ಶತಮಾನದ ಉತ್ತರಾರ್ಧದಲ್ಲಿ ಮಠವು ಸಾಲದಲ್ಲಿ ಮುಳುಗಿತು. ಎಲೆ ಬೇಯಿಸಿ ತಿಂದ ಮನೆಯೇ ಸಾಲಗಾರರ ಲೆಕ್ಕಪತ್ರಗಳಲ್ಲಿ ಸಿಕ್ಕಿಕೊಂಡಿತು.

ಇವರಲ್ಲಿ ಯಾರೂ ದುಷ್ಟರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಳ್ಳೆಯ ದುಡಿಮೆಗೆ ಒಳ್ಳೆಯ ಫಲ ಬಂದಿತು. ಫಲವನ್ನು ಕಾಪಾಡಲು ಕಟ್ಟಡ ಬೇಕಾಯಿತು, ಕಟ್ಟಡವನ್ನು ಕಾಪಾಡಲು ಮತ್ತಷ್ಟು ಆದಾಯ ಬೇಕಾಯಿತು. ಕಲ್ಲಿನ ಗೋಪುರಗಳು ಬೇಡವೆಂದು ಸಿಸ್ಟರ್ಸಿಯನ್ ಸಂಘದ ಹಿರಿಯರು ನಿಯಮ ಮಾಡಿದ್ದರು. ಆದರೆ 1495ರಿಂದ 1526ರವರೆಗೆ ಮಠಾಧಿಪತಿಯಾಗಿದ್ದ ಮಾರ್ಮಡ್ಯೂಕ್ ಹ್ಯೂಬಿಯವರು ಸುಮಾರು 50 ಮೀಟರು ಎತ್ತರದ ಗೋಪುರವನ್ನು ಎಬ್ಬಿಸಿದರು. ಅದರ ಮೇಲೆ ಕೆತ್ತಿದ ಲ್ಯಾಟಿನ್ ಬರಹಗಳು ದೇವರ ಮಹಿಮೆಯನ್ನೇ ಸಾರುತ್ತವೆ. ಗೋಪುರದ ಎತ್ತರ ಮಾತ್ರ ಮಠದ ಮಹಿಮೆಯನ್ನೂ ಸಾರುತ್ತದೆ.

ಆ ಎತ್ತರ ಅರಸನ ಕಣ್ಣಿಗೂ ಬಿದ್ದಿತು. 1535ರಲ್ಲಿ ಎಂಟನೆಯ ಹೆನ್ರಿಯ ಅಧಿಕಾರಿಗಳು ಧರ್ಮಸಭೆಯ ಆಸ್ತಿಗಳನ್ನು ಲೆಕ್ಕಹಾಕಿದಾಗ ಈ ಮಠದ ವಾರ್ಷಿಕ ಆದಾಯ ಸಾವಿರ ಪೌಂಡಿಗೂ ಹೆಚ್ಚಾಗಿತ್ತು. ಇಂಗ್ಲೆಂಡಿನ ಸಿಸ್ಟರ್ಸಿಯನ್ ಮಠಗಳಲ್ಲೆಲ್ಲ ಇದೇ ಅತ್ಯಂತ ಶ್ರೀಮಂತವಾದುದು. 1539ರ ನವೆಂಬರಿನಲ್ಲಿ ಕೊನೆಯ ಮಠಾಧಿಪತಿ ಮಠವನ್ನು ಅರಸನಿಗೆ ಒಪ್ಪಿಸಿದರು. ಮರುವರ್ಷ ಲಂಡನ್ನಿನ ವ್ಯಾಪಾರಿ ಸರ್ ರಿಚರ್ಡ್ ಗ್ರೆಶಮ್ ಅದನ್ನು ಕೊಂಡುಕೊಂಡನು. ಚಾವಣಿಯ ಸೀಸ ಹೋಯಿತು, ಕಿಟಕಿಗಳ ಗಾಜು ಹೋಯಿತು. 16ನೆಯ ಶತಮಾನದ ಕೊನೆಯಲ್ಲಿ ಮಠದ ಕಲ್ಲುಗಳಿಂದಲೇ ಹತ್ತಿರದಲ್ಲಿ ಫೌಂಟನ್ಸ್ ಹಾಲ್ ಎಂಬ ಬಂಗಲೆಯ ನಿರ್ಮಾಣ ಆರಂಭವಾಯಿತು.

ಹಾಗಾದರೆ ಆ ಮೊದಲ ರೊಟ್ಟಿಯ ಪರಂಪರೆ ಪೂರ್ತಿಯಾಗಿ ಅಳಿದಿತ್ತೇ? ಅಳಿದಿರಲಿಲ್ಲ. ಮಠಗಳನ್ನು ಮುಚ್ಚಲಾರಂಭಿಸಿದಾಗ, 1536ರಲ್ಲಿ, ಉತ್ತರ ಇಂಗ್ಲೆಂಡಿನ ಸಾಮಾನ್ಯ ಜನರು ಸಾವಿರಾರು ಸಂಖ್ಯೆಯಲ್ಲಿ ಎದ್ದು ನಿಂತರು. ಕ್ರಿಸ್ತರ ಐದು ಗಾಯಗಳ ಚಿತ್ರವಿದ್ದ ಧ್ವಜ ಹಿಡಿದು ಅವರು ನಡೆಸಿದ ದಂಗೆಗೆ 'ಕೃಪೆಯ ತೀರ್ಥಯಾತ್ರೆ' ಎಂದು ಹೆಸರು. ಮಠಗಳ ಬಾಗಿಲಲ್ಲಿ ಹಸಿದವರಿಗೆ ಅನ್ನ, ದಾರಿಹೋಕರಿಗೆ ಆಸರೆ ದೊರೆಯುತ್ತಿದ್ದುದನ್ನು ಅವರು ಬಲ್ಲವರಾಗಿದ್ದರು. ಫೌಂಟನ್ಸಿನ ಮಾಜಿ ಮಠಾಧಿಪತಿ ವಿಲಿಯಂ ತರ್ಸ್ಕ್ ದಂಗೆಯಲ್ಲಿ ಪಾಲುಗೊಂಡ ಆರೋಪದ ಮೇಲೆ 1537ರಲ್ಲಿ ಮರಣದಂಡನೆಗೆ ಗುರಿಯಾದರು.

ಇಂದು ಅಲ್ಲಿಗೆ ಹೋದರೆ ನೋಡಬೇಕಾದವು ಹಲವಿವೆ. 18ನೆಯ ಶತಮಾನದಲ್ಲಿ ಜಾನ್ ಎಯ್ಸ್ಲಬಿ ನಿರ್ಮಿಸಿದ ಜಲೋದ್ಯಾನವಿದೆ. ದಾರಿಯ ಒಂದು ತಿರುವಿನಲ್ಲಿ ಮಠದ ಅವಶೇಷಗಳು ಥಟ್ಟನೆ ಕಣ್ಣೆದುರು ತೆರೆದುಕೊಳ್ಳುತ್ತವೆ. 12ನೆಯ ಶತಮಾನದಲ್ಲಿ ಕಟ್ಟಿದ ಹಿಟ್ಟಿನ ಗಿರಣಿ 1927ರವರೆಗೂ ಕೆಲಸ ಮಾಡಿತು. ಗಾಯನವೃಂದದವರು ಹಾಡುತ್ತಿದ್ದ ಭಾಗಕ್ಕೆ ಇಂದು ಆಕಾಶವೇ ಚಾವಣಿ. ಆದರೆ ಶ್ರಮಿಕ ಸಹೋದರರು ಉಂಡು ಮಲಗುತ್ತಿದ್ದ, ಉಗ್ರಾಣವೂ ಆಗಿದ್ದ ಪಡುವಣ ಕಟ್ಟಡದ ಕೆಳಅಂತಸ್ತು ತನ್ನ ಕಮಾನುಗಳೊಡನೆ, ಸುಮಾರು 300 ಅಡಿ ಉದ್ದಕ್ಕೆ, ಹೆಚ್ಚುಕಡಿಮೆ ಇಡಿಯಾಗಿ ಉಳಿದಿದೆ.  ಅಲ್ಲಿ ಬಾಳಿದ ಅಕ್ಷರ ಬಾರದ ದುಡಿಮೆಗಾರರಲ್ಲಿ ಬಹುಪಾಲು ಮಂದಿಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಓದುಗರೇ, ನಿಮ್ಮಲ್ಲಿ ಕೆಲವರ ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿರಬಹುದು; ಅವರನ್ನು ಕಾಣಹೋದಾಗ ಒಂದು ದಿನ ಈ ಕಣಿವೆಗೆ ಹೋಗಿಬನ್ನಿ. ಗೋಪುರವನ್ನು ಕತ್ತೆತ್ತಿ ನೋಡಿರಿ, ಅದು ನೋಡತಕ್ಕದ್ದೇ. ಬಳಿಕ ಬುತ್ತಿಯನ್ನು ಬಿಚ್ಚುವಾಗ, ಇದೇ ನೆಲದಲ್ಲಿ ಹಸಿದವರು ಹಸಿದವನೊಬ್ಬನಿಗೆ ರೊಟ್ಟಿ ಕೊಟ್ಟ ಸಂಗತಿಯನ್ನು ಮೊಮ್ಮಕ್ಕಳಿಗೆ ಹೇಳಿರಿ. ಎಲ್ಮ್ ಮರ ಈಗಿಲ್ಲ, ರೊಟ್ಟಿಗೆ ಸ್ಮಾರಕವೂ ಇಲ್ಲ. ಅದು ಹೇಳುವವರಿರುವಷ್ಟು ಕಾಲ ಉಳಿಯುತ್ತದೆ.