ಎರವಲು ತಂದ ಆ್ಯಪ್‌ಗಳು

2013ರ ಜನವರಿ 30ರಂದು ಬ್ಲ್ಯಾಕ್‌ಬೆರಿ 10 ಬಿಡುಗಡೆಯಾದಾಗ ಅದರ ಮಳಿಗೆಯಲ್ಲಿ ಸುಮಾರು 70,000 ಆ್ಯಪ್‌ಗಳಿದ್ದವು. ಅವುಗಳಲ್ಲಿ ಹಲವು ಮೂಲತಃ ಎದುರಾಳಿ ಆಂಡ್ರಾಯ್ಡ್‌ಗಾಗಿ ಬರೆದಂಥವು. ಆ್ಯಪ್ ಇಲ್ಲದ ಫೋನನ್ನು ಜನ ಕೊಳ್ಳುವುದಿಲ್ಲ. ಜನ ಕೊಳ್ಳದ ಫೋನಿಗೆ ಆ್ಯಪ್ ಬರೆಯುವವರಿಲ್ಲ. ಈ ತೊಡಕಿನಿಂದ ಪಾರಾಗಲು ಬ್ಲ್ಯಾಕ್‌ಬೆರಿ, ಆಂಡ್ರಾಯ್ಡ್ ಆ್ಯಪ್‌ಗಳನ್ನು ಓಡಿಸುವ ಏರ್ಪಾಟನ್ನು ತನ್ನೊಳಗೇ ಇಟ್ಟುಕೊಂಡಿತು.

ಈ ಉಪಾಯ ಹೊಸದಲ್ಲ. 1992ರಲ್ಲಿ ಕಂಪ್ಯೂಟರುಗಳಿಗೆ ಬಂದ ಐಬಿಎಂನ ಓಎಸ್/2 ಆವೃತ್ತಿ ವಿಂಡೋಸ್ ತಂತ್ರಾಂಶಗಳನ್ನೂ ಓಡಿಸುತ್ತಿತ್ತು. ವಿಂಡೋಸ್‌ಗೆ ಬರೆದದ್ದು ಎರಡೂ ಕಡೆ ನಡೆಯುವಾಗ ಓಎಸ್/2ಗೆಂದೇ ಬೇರೆ ಬರೆಯುವ ಶ್ರಮ ಯಾರಿಗೆ ಬೇಕು? ಬ್ಲ್ಯಾಕ್‌ಬೆರಿಗೂ ಹಾಗೇ ಆಯಿತು. ಜತೆಗೆ ಇನ್ನೊಂದು ತೊಂದರೆ: ಆಂಡ್ರಾಯ್ಡ್‌ನ ಎಷ್ಟೋ ಆ್ಯಪ್‌ಗಳು ನಕ್ಷೆಗೆ, ಸೂಚನೆಗಳಿಗೆ ಗೂಗಲ್‌ನ ಸೇವೆಗಳನ್ನೇ ನೆಚ್ಚಿದ್ದವು. ಆ ಸೇವೆಗಳು ಇಲ್ಲಿರಲಿಲ್ಲ. ಆ್ಯಪ್ ತೆರೆದರೂ ಕೆಲವು ಕೆಲಸ ನಡೆಯುತ್ತಿರಲಿಲ್ಲ.

2015ರಲ್ಲಿ ಕಂಪನಿಯೇ ಆಂಡ್ರಾಯ್ಡ್ ಫೋನ್ ತಂದಿತು. 2017ರ ಕೊನೆಗೆ ಬ್ಲ್ಯಾಕ್‌ಬೆರಿ 10ಕ್ಕೆ ವಾಟ್ಸ್‌ಆ್ಯಪ್ ಬೆಂಬಲವೂ ನಿಂತಿತು. ಎರವಲಾಗಿ ಬಂದದ್ದು ಆ್ಯಪ್‌ಗಳು ಮಾತ್ರ. ಅವನ್ನು ಬರೆದು ತಿದ್ದುವವರು ಆಂಡ್ರಾಯ್ಡ್ ಕಡೆಯೇ ಉಳಿದರು. 2022ರ ಜನವರಿ 4ರ ನಂತರ ಆ ಹಳೆಯ ಫೋನುಗಳಲ್ಲಿ ಕರೆ, ಸಂದೇಶಗಳಿಗೂ ಖಾತರಿ ಉಳಿಯಲಿಲ್ಲ. ಕೊಂಡವರ ಕೈಯಲ್ಲಿ ಫೋನು ಮಾತ್ರ ಹಾಗೇ ಇತ್ತು.