ಬ್ಯಾಂಕ್ ಗುಮಾಸ್ತನ ಹಿಮಾಲಯ

ದಿಲ್ಲಿಯಲ್ಲಿ ನೌಕರಿ ಮಾಡುವ ನಮ್ಮಂಥ ಬ್ಯಾಂಕಿನವರಿಗೆ ಎಲ್‌ಎಫ್‌ಸಿ ಅಂದರೆ ಒಂದೋ ಊರು, ಇಲ್ಲವೇ ಹಿಮಾಚಲ. ಊರಿಗೆ ಹೋದರೆ ಮದುವೆ, ಗೃಹಪ್ರವೇಶ. ಹಿಮಾಚಲಕ್ಕೆ ಹೋದರೆ ಕ್ಯಾಮೆರಾ. ನಾನು ತೆಗೆದ ಫೋಟೋ ನೋಡಿ ನೋಡಿ ಮನೆಯಾಕೆ, "ಇದೇ ಬೆಟ್ಟ ಹೋದ ಸಲವೂ ಇತ್ತಲ್ರೀ" ಅನ್ನುತ್ತಾಳೆ. ಅದಿರಲಿ. ಈ ಹುಚ್ಚಿನಲ್ಲಿ ನನಗೊಬ್ಬ ಹಿರಿಯಣ್ಣ ಇದ್ದಾನೆ. ಅವನೂ ಬ್ಯಾಂಕಿನವನೇ!

ಹೆಸರು ಸ್ಯಾಮ್ಯುಯೆಲ್ ಬೋರ್ನ್. 1834ರಲ್ಲಿ ಇಂಗ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿ, ನಾಟಿಂಗ್‌ಹ್ಯಾಮಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. ರಜೆ ಸಿಕ್ಕಾಗ ಅಲ್ಲಿನ ಬೆಟ್ಟ, ಸರೋವರಗಳ ಕಡೆ ಕ್ಯಾಮೆರಾ ಹೊತ್ತು ಹೋಗುವ ಹವ್ಯಾಸಿ. 1862ರಲ್ಲಿ ನೌಕರಿಗೆ ರಾಜೀನಾಮೆ ಕೊಟ್ಟು, ಮರುವರ್ಷ ಕಲ್ಕತ್ತೆಯಲ್ಲಿ ಇಳಿದು, ಅಲ್ಲಿಂದ ಸಿಮ್ಲಾಕ್ಕೆ ಬಂದ. ಪಿಂಚಣಿಯ ಆಸೆಗೆ ಕುರ್ಚಿ ಬಿಡದ ನನ್ನಂಥವರು ಇಂಥ ಧೈರ್ಯವನ್ನು ದೂರದಿಂದಲೇ ಮೆಚ್ಚಬೇಕು.

ಆಗಿನ ಫೋಟೋಗ್ರಫಿ ಅಂದರೆ ಏನು ಗೊತ್ತೇ? ಗಾಜಿನ ಪ್ಲೇಟಿಗೆ ಕೊಲೋಡಿಯನ್ ಎಂಬ ಅಂಟಿನಂಥ ದ್ರವ ಸವರಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವುದರೊಳಗೆ ಫೋಟೋ ತೆಗೆದು, ತಕ್ಷಣ ಕತ್ತಲೆಯಲ್ಲಿ ತೊಳೆಯಬೇಕು. ಅಂದರೆ ಹೋದಲ್ಲೆಲ್ಲ ಡಾರ್ಕ್ ರೂಮೂ ಬರಬೇಕು! ಡೇರೆ, ಗಾಜುಗಳ ಪೆಟ್ಟಿಗೆ, ಔಷಧದ ಸೀಸೆ, ಕ್ಯಾಮೆರಾ, ಜೊತೆಗೆ ಸಾಹೇಬರ ಊಟದ ಸಾಮಾನು. ಆ ಪ್ಲೇಟುಗಳಿಗೆ ನೀಲಿ ಬಣ್ಣ ಅತಿ ಬೇಗ ತಾಗುತ್ತಿದ್ದುದರಿಂದ ಹಳೆಯ ಚಿತ್ರಗಳಲ್ಲಿ ಆಕಾಶ ಬಹುಮಟ್ಟಿಗೆ ಬರೀ ಬಿಳುಪು. ಮೋಡ ಕಾಣುವುದು ಅಪರೂಪ.

1863ರಲ್ಲಿ ಬೋರ್ನ್ ಸಟ್ಲೆಜ್ ಕಣಿವೆ ಹಿಡಿದು ಚೀನೀವರೆಗೆ ಹೋದ. ಅದೇ ಇಂದಿನ ಕಲ್ಪಾ. ಸುಮಾರು ಹತ್ತು ವಾರದಲ್ಲಿ 147 ನೆಗೆಟಿವ್. 1864ರಲ್ಲಿ ಕಾಶ್ಮೀರ. 1866ರಲ್ಲಿ ಸ್ಪಿತಿಯ ಕಡೆ 18,600 ಅಡಿ ಎತ್ತರದ ಮನಿರಂಗ್ ಕಣಿವೆದಾರಿಯಲ್ಲಿ ಫೋಟೋ ತೆಗೆದ. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ತೆಗೆದಿರಲಿಲ್ಲ. ಅದೇ ಪ್ರವಾಸದಲ್ಲಿ ಗಂಗೆ ಹುಟ್ಟುವ ಗೋಮುಖವನ್ನೂ ಸೆರೆಹಿಡಿದ.

ಇಷ್ಟು ಜಮಾ ಆಯಿತು. ಇನ್ನು ಖರ್ಚಿನ ಕಡೆ ನೋಡೋಣ.

ಆ ಸಾಮಾನನ್ನೆಲ್ಲ ಹೊತ್ತವರು ಯಾರು? ಕಾಶ್ಮೀರದ ಪ್ರವಾಸದಲ್ಲಿ ಅವನ ಜೊತೆ ನಲವತ್ತಕ್ಕೂ ಹೆಚ್ಚು ಕೂಲಿಗಳಿದ್ದರು. ನಮ್ಮ ಕಡೆ ಬಿಟ್ಟಿ ಚಾಕರಿ ಅನ್ನುತ್ತೇವಲ್ಲ, ಬೆಟ್ಟದ ಸೀಮೆಯಲ್ಲಿ ಅದಕ್ಕೆ ಬೇಗಾರ್ ಎಂದು ಹೆಸರು. ಸಾಹೇಬರು ಬಂದರೆ ಹಳ್ಳಿಯವರು ಹೊರೆ ಆಳುಗಳನ್ನು ಕೊಡಲೇಬೇಕು. ಬೋರ್ನ್ ಕೂಲಿ ಕೊಡುತ್ತಿದ್ದ, ನಿಜ. ಆದರೆ ಒಲ್ಲೆ ಅನ್ನುವ ಸ್ವಾತಂತ್ರ್ಯ ಅವರಿಗೆ ಎಲ್ಲಿತ್ತು? ಹೊರೆ ಬಿಸಾಕಿ ಓಡಿದವರನ್ನು ಹುಡುಕಿ ದೊಣ್ಣೆಯಿಂದ ಬಾರಿಸಿದ್ದನ್ನು ಅವನೇ ಲಂಡನ್ನಿನ ಫೋಟೋಗ್ರಫಿ ಪತ್ರಿಕೆಗೆ ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ. ಅದನ್ನು ಓದಿದ ಮೇಲೆ ಆ ಶಾಂತವಾದ ಹಿಮಶಿಖರಗಳನ್ನು ನಾನು ಮೊದಲಿನ ಹಾಗೆ ನೋಡಲಾರೆ. ಚಿತ್ರ ಸುಳ್ಳಲ್ಲ, ಆದರೆ ಅರ್ಧ ಲೆಕ್ಕ.

ಬೋರ್ನ್ ಲೆಕ್ಕದಲ್ಲಿ ಶಿಸ್ತಿನವನು, ಹೇಳಿಕೇಳಿ ಬ್ಯಾಂಕಿನವನು! ಅವನ ಎರಡು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳಿಗೆ ನಂಬರು ಹಾಕಿ ಪಟ್ಟಿ ಮಾಡಲಾಗಿತ್ತು. ಎಷ್ಟೋ ಚಿತ್ರಗಳಲ್ಲಿ ಬೆಟ್ಟದ ಅಗಾಧತೆ ತಿಳಿಯಲೆಂದು ಮೂಲೆಯಲ್ಲಿ ಪುಟ್ಟದಾಗಿ ಒಬ್ಬ ಮನುಷ್ಯ ನಿಂತಿರುತ್ತಾನೆ. ನೆಗೆಟಿವ್‌ಗೆ ನಂಬರಿದೆ, ಆ ಮನುಷ್ಯನಿಗೆ ಹೆಸರಿಲ್ಲ.

1870ರ ಹೊತ್ತಿಗೆ ಅವನು ಇಂಗ್ಲೆಂಡಿಗೆ ಮರಳಿ ಹತ್ತಿಯ ಉದ್ಯಮಕ್ಕಿಳಿದ; 1912ರಲ್ಲಿ ತೀರಿಕೊಂಡ. ಪಾಲುದಾರನೊಡನೆ ಕಟ್ಟಿದ 'ಬೋರ್ನ್ ಅಂಡ್ ಶೆಫರ್ಡ್' ಸ್ಟುಡಿಯೋ ಮಾತ್ರ ಕೋಲ್ಕತ್ತದಲ್ಲಿ ಕೈ ಬದಲಾಯಿಸುತ್ತ ನಡೆಯಿತು. 1991ರ ಬೆಂಕಿಯಲ್ಲಿ ಹಳೆಯ ಸಂಗ್ರಹದ ಬಹುಪಾಲು ಹೋಯಿತು. 2016ರಲ್ಲಿ ಸ್ಟುಡಿಯೋ ಮುಚ್ಚಿತು.

ಹೊರೆಯವರ ಕಥೆಗೆ ಬೇರೆಯೇ ಕೊನೆ ಇದೆ. 1921ರ ಸಂಕ್ರಾಂತಿಯಂದು ಕುಮಾವೂನಿನ ಬಾಗೇಶ್ವರದ ಜಾತ್ರೆಯಲ್ಲಿ ಜನ, ಬೇಗಾರಿಗೆ ಯಾರ ಸರದಿ ಎಂದು ಬರೆದಿಡುತ್ತಿದ್ದ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಪುಸ್ತಕ ಕಾಪಾಡುವುದೇ ಕಸುಬಾಗಿರುವ ನಾನು ಹೇಳುತ್ತೇನೆ, ನೀರಿಗೆ ಹಾಕಲೇಬೇಕಾಗಿದ್ದ ಲೆಜರ್ ಅದು.